ಟ್ಯೂಬಿನ ಬೆನ್ನಿನ ಸಣ್ಣಕ್ಷರ

"ಹೊಸ ಸಾಲು," ಎಂದಳು ಓದುವಾಕೆ. ಸದಾ ಲವಂಗ ಕಚ್ಚಿಕೊಂಡಿರುವ ಆ ಬಾಯಿಂದ ಬರುವ ದನಿಗೆ ಏರಿಲ್ಲ, ಇಳಿವಿಲ್ಲ. ಔಷಧಿಯ ಚೀಟಿಯಿರಲಿ, ಮದುವೆಯ ಕಾಗದವಿರಲಿ, ಸಾವಿನ ಪ್ರಕಟಣೆಯಿರಲಿ, ಎಲ್ಲವನ್ನೂ ಅವಳು ಒಂದೇ ಹದದಲ್ಲಿ ಓದುತ್ತಾಳೆ. "ಎಚ್ಚರಿಕೆ ಚುಕ್ಕೆ. ಕುಡಿಯುವ ನೀರು ಹರಿಯುವ ಕೊಳವೆ ಅಲ್ಪವಿರಾಮ ನಲ್ಲಿ ಅಲ್ಪವಿರಾಮ ತೊಟ್ಟಿಗಳಿಗೆ ಬಳಸಬಾರದು ಚುಕ್ಕೆ. ಬೂಷ್ಟು ತಡೆಯುವ ವಿಷವಸ್ತು ಸೇರಿದೆ ಚುಕ್ಕೆ. ಹೊಸ ಸಾಲು." ಎದುರು ಕೂತು ಕರಡು ತಿದ್ದುತ್ತಿದ್ದ ಅವನ ಪೆನ್ಸಿಲು ಸಾಲಿನ ಕೆಳಗೆ ಸರಿಯುತ್ತಿದ್ದುದು ಅಲ್ಲೇ ನಿಂತಿತು. ಅವಳು ಮುಂದಿನ ಸಾಲಿಗೆ ಹೋದಳು, ಅದರ ಮುಂದಿನದಕ್ಕೂ ಹೋದಳು, ಆಮೇಲೆ ಪೆನ್ಸಿಲಿನ ಸದ್ದು ಕೇಳದೆ ತಲೆಯೆತ್ತಿ ನೋಡಿದಳು. "ಏನಾದ್ರೂ ಬಿಟ್ನಾ?" ಎಂದು ಕೇಳಿದಳು. ಇಲ್ಲ ಎಂದ. "ಆ ಎಚ್ಚರಿಕೆ ಇನ್ನೊಂದ್ಸಲ ಓದಿ" ಎಂದ. ಓದಿದಳು, ಚುಕ್ಕೆ, ಅಲ್ಪವಿರಾಮಗಳ ಸಮೇತ. ಎರಡನೆಯ ಸಲವೂ ಅದರಲ್ಲಿ ಅದೇ ಇತ್ತು.

ಇಪ್ಪತ್ತಾರು ವರ್ಷದಿಂದ ಅವನು ಈ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಾನೆ. ಒಬ್ಬನೇ ಕೂತು ತಿದ್ದುವಾಗ ಕೊನೆಯ ಪದದಿಂದ ಶುರುಮಾಡಿ ಮೊದಲ ಪದಕ್ಕೆ ಬರುವುದು ಅವನ ಪದ್ಧತಿ. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು, ಅರ್ಥದ ಹಿಂದೆ ಹೋದರೆ ಅಕ್ಷರ ಕೈಕೊಡುತ್ತದೆ, ಹಿಂದಿನಿಂದ ಓದು ಎಂದು. ಅಕ್ಕಿ ಆರಿಸುವವರಿಗೆ ಕಲ್ಲು ಕಾಣುತ್ತದೆ, ಅಕ್ಕಿ ಕಾಣುವುದಿಲ್ಲ. ಹಾಗೆ ಅವನ ಕಣ್ಣಿಗೆ ತಪ್ಪು ಮಾತ್ರ ಕಾಣುತ್ತಿತ್ತು, ಮಾತು ಕಾಣುತ್ತಿರಲಿಲ್ಲ. ಸಂದಿ ಮುಚ್ಚುವ ಅಂಟಿನ ಇದೇ ಸೀಲೆಂಟ್ ಟ್ಯೂಬಿನ ಚೀಟಿಯನ್ನು ಅವನು ಈ ಮೊದಲು ಎರಡು ಸಲ ತಿದ್ದಿದ್ದ. ಬಳಸಬಾರದು, ತೊಟ್ಟಿಗಳಿಗೆ, ನಲ್ಲಿ, ಕೊಳವೆ, ಹರಿಯುವ, ನೀರು, ಕುಡಿಯುವ. ಎಲ್ಲವೂ ಸರಿಯಾಗಿತ್ತು. ಕೆಳಗೆ ಸಹಿ ಹಾಕಿದ್ದ. ಕಂಪನಿಯವರು ಚೀಟಿಯಲ್ಲಿ ಏನಾದರೂ ಬದಲಾಯಿಸಿದಾಗ ಮಾತ್ರ ಇಬ್ಬರು ಕೂರಬೇಕು, ಒಬ್ಬರು ಹಳೆಯದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸದನ್ನು ನೋಡಬೇಕು ಎಂಬುದು ನಿಯಮ. ಈ ಸಲ ಬದಲಾವಣೆ ಇತ್ತು. ಕರಡಿಗೆ ಚುಚ್ಚಿದ್ದ ಹಳದಿ ಕಾಗದದ ತುಂಡಿನಲ್ಲಿ ಮೇನೇಜರರ ಕೈಬರಹ: ಎಚ್ಚರಿಕೆಯ ಸಾಲು ದೊಡ್ಡ ಅಕ್ಷರದಲ್ಲಿ ಬರಬೇಕಂತೆ. ಯಾಕೆ ಬರಬೇಕಂತೆ? ಎಲ್ಲಿ, ಯಾರು, ಏನು ಮಾಡಿಕೊಂಡರೆಂದು ಕಂಪನಿಯವರಿಗೆ ಇದ್ದಕ್ಕಿದ್ದ ಹಾಗೆ ದೊಡ್ಡ ಅಕ್ಷರ ಬೇಕಾಯಿತು? ಅವನು ಪೆನ್ಸಿಲು ಕೆಳಗಿಟ್ಟ. ಮೇಜಿನ ಮೂಲೆಯಲ್ಲಿ ಮನೆಯಿಂದ ತುಂಬಿಸಿಕೊಂಡು ಬಂದ ನೀರಿನ ಬಾಟಲಿ ಅರ್ಧ ಖಾಲಿಯಾಗಿ ನಿಂತಿತ್ತು.

ಭಾನುವಾರ ಬೆಳಿಗ್ಗೆ ಅವನು ಆ ಟ್ಯೂಬನ್ನು ಕೊಂಡು ತಂದದ್ದು ಈ ಸಹಿಯ ಜಂಬದಿಂದಲೇ. ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ ಕುಡಿಯುವ ನೀರಿಗೆಂದೇ ಇರುವ ಸಣ್ಣ ನಲ್ಲಿ ಹದಿನೈದು ದಿನದಿಂದ ಬುಡದಲ್ಲಿ ಸೋರುತ್ತಿತ್ತು. ಒಂದೊಂದೇ ಹನಿ, ಆದರೆ ಕೆಳಗಿನ ಹಲಗೆ ಉಬ್ಬಿ ಬಾಗಿಲು ಮುಚ್ಚದಂತಾಗಿತ್ತು. ಬಾಮೈದ ಎಲೆಕ್ಟ್ರಿಷಿಯನ್, ಕೊಳಾಯಿ ಕೆಲಸವೂ ಬರುತ್ತದೆ. ಅವನು ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎನ್ನುತ್ತಿದ್ದ. ಹೆಂಡತಿ ಹನಿಯ ಕೆಳಗೊಂದು ಬಟ್ಟಲಿಟ್ಟು ಕಾಯುತ್ತಿದ್ದಳು. ಕಾಯುವುದು ಅವಳಿಗೆ ಕಷ್ಟವಿರಲಿಲ್ಲ. ಅವನಿಗೆ ಕಷ್ಟವಾದದ್ದು, ಈ ಕೆಲಸವನ್ನು ನೀವು ಮಾಡಬಹುದೇ ಎಂದು ಹದಿನೈದು ದಿನದಲ್ಲಿ ಅವಳಾಗಲಿ ಮಗಳಾಗಲಿ ಒಮ್ಮೆಯೂ ಕೇಳದಿದ್ದುದು. ಅದಕ್ಕೆ ಕಾರಣ ಅವನಿಗೂ ಗೊತ್ತಿತ್ತು. ಹೋದ ವರ್ಷ ಅವನೇ ಗೋಡೆಗೆ ಹೊಡೆದು ಕೂರಿಸಿದ ಶೆಲ್ಫು ಒಂಬತ್ತನೆಯ ದಿನ ಮಧ್ಯಾಹ್ನ ಇದ್ದ ಗಾಜಿನ ಡಬ್ಬಿಗಳಷ್ಟನ್ನೂ ಹೊತ್ತುಕೊಂಡು ಕೆಳಗೆ ಬಂದಿತ್ತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು. ಮೊದಲಾದರೆ ಹೆಂಡತಿ, "ನಿಮ್ಮ ಕೈಗೆ ಸಿಕ್ಕಿದ ಗಡಿಯಾರಾನೂ ಸಂನ್ಯಾಸ ತಗೊಳ್ಳುತ್ತೆ" ಎಂದು ನಗುತ್ತಿದ್ದಳು. ಆ ದಿನ ಮಾತಾಡದೆ ಗಾಜು ಗುಡಿಸಿದಳು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಲ್ಲಿಂದ ಮುಂದೆ ಅವನ ಕೈಯ ಕೆಲಸವೆಂದರೆ ಮನೆಯವರು ಒಂದು ಥರ ಮೃದುವಾಗಿಬಿಡುತ್ತಿದ್ದರು, ರೋಗಿಯ ಹತ್ತಿರ ಇರುವ ಹಾಗೆ.

ಆ ಭಾನುವಾರ ಕಬ್ಬಿಣದ ಸಾಮಾನಿನ ಅಂಗಡಿಯವನು ಯಾರಿಗೋ ಮೊಳೆ ತೂಗುತ್ತಿದ್ದ. ಗಾಜಿನ ಕಪಾಟಿನಲ್ಲಿ ಸೋರುವುದನ್ನು ನಿಲ್ಲಿಸುವ ಸಾಮಾನುಗಳೇ ಎರಡು ಸಾಲು ಇದ್ದವು. ಬಿಳಿ ಟೇಪಿನ ಸಣ್ಣ ಸುರುಳಿಗಳು, ಎರಡು ಬಣ್ಣದ ಕಡ್ಡಿಗಳನ್ನು ಸೇರಿಸಿ ಕಲಸುವ ಗಟ್ಟಿ ಮೇಣ, ಪ್ಲಾಸ್ಟಿಕ್ ಪೈಪಿನ ಅಂಟಿನ ಡಬ್ಬಿ, ಆಮೇಲೆ ಸಾಲಾಗಿ ಟ್ಯೂಬುಗಳು. ಟೇಪಿನ ಸುರುಳಿ ಅವನಿಗೆ ಮಕ್ಕಳಾಟದ ಹಾಗೆ ಕಂಡಿತು. ಇಷ್ಟು ತೆಳ್ಳಗಿನದು ನೀರನ್ನು ಹಿಡಿಯುವುದುಂಟೇ? ಟ್ಯೂಬುಗಳ ಕಡೆ ಕಣ್ಣು ಹೋದಾಗ ಒಂದರ ಬೆನ್ನ ಮೇಲಿನ ಚೀಟಿ ಗುರುತು ಸಿಕ್ಕಿತು. ಅವನೇ ತಿದ್ದಿದ್ದು. ಮೊದಲ ಸಲದ ಕರಡಿನಲ್ಲಿ ಒಂದು ಒತ್ತಕ್ಷರ ಉದುರಿತ್ತು, ಅವನು ಹಿಡಿದಿದ್ದ. ಈಗ ಅದು ತನ್ನ ಜಾಗದಲ್ಲಿ ಕೂತಿತ್ತು. ಅಪರಿಚಿತರ ಮನೆಯಲ್ಲಿ ನಮ್ಮೂರವರು ಸಿಕ್ಕಂತಾಗಿ ಅವನು ಅದನ್ನೇ ಎತ್ತಿಕೊಂಡ. "ಎಲ್ಲಿಗೆ ಸ್ವಾಮಿ?" ಎಂದ ಅಂಗಡಿಯವನು, ತಕ್ಕಡಿಯಿಂದ ಕಣ್ಣು ತೆಗೆಯದೆ. ಅಡುಗೆಮನೆಗೆ ಎಂದ. "ಸಿಂಕ್ ಸುತ್ತಾನಾ?" ಎಂದ. ಅಲ್ಲ, ನಲ್ಲಿಯ ಬುಡಕ್ಕೆ ಎಂದರೆ ಅವನು ಮೊಳೆ ಬಿಟ್ಟು ಹತ್ತಿರ ಬಂದು ನಾಲ್ಕು ಜನರ ಮುಂದೆ ಪಾಠ ಶುರುಮಾಡುತ್ತಾನೆಂದು ಅನಿಸಿ, ಹೂಂ ಎಂದುಬಿಟ್ಟ. ಒಂದು ಹೂಂ. ಈಗ ಕರಡಿನ ಮುಂದೆ ಕೂತಾಗ ಆ ಹೂಂ ಅನ್ನು ವಾಪಸು ನುಂಗುವ ಹಾಗಿರಲಿಲ್ಲ.

ಅವನು ಅದನ್ನು ಬರೀ ಹೊರಗೆ ಹಚ್ಚಿರಲಿಲ್ಲ. ನಲ್ಲಿ ಬಿಚ್ಚಿ, ತಿರುಪಿನ ಸುತ್ತುಗಳ ತುಂಬ ಬಳಿದು, ಕೊಳವೆಯ ಬಾಯಿಯ ಒಳಕ್ಕೂ ಬೆರಳಿನಿಂದ ಒತ್ತಿ ಒತ್ತಿ ತುಂಬಿದ್ದ. ಶೆಲ್ಫಿಗೆ ಕಡಿಮೆ ಮೊಳೆ ಹೊಡೆದೆನೆಂಬ ಕೊರಗನ್ನು ಇಲ್ಲಿ ತೀರಿಸಿಕೊಂಡಂತಾಗಿತ್ತು. ಅಡುಗೆಮನೆಯ ತುಂಬ ವಿನೆಗರಿನಂಥ ಹುಳಿ ವಾಸನೆ. ಒಣಗಲು ಎಷ್ಟು ಹೊತ್ತು ಬಿಡಬೇಕೆಂದು ಚೀಟಿಯಲ್ಲಿತ್ತು, ಅವನು ಅದನ್ನು ನೋಡದೆ ಒಂದು ಗಂಟೆ ಬಿಟ್ಟು, ಸಿಂಕಿನ ಕೆಳಗೆ ಮುಚ್ಚಿದ್ದ ವಾಲ್ವು ತೆರೆದ. ಒಂದು ಹನಿ ಸೋರಲಿಲ್ಲ. ಹೆಂಡತಿಯನ್ನು ಕರೆದ, ಮಗಳನ್ನು ಕರೆದ. ಮಗಳು ತನ್ನ ನಾಲ್ಕು ತಿಂಗಳ ಕೂಸು ಗುಬ್ಬಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲೇ ನಿಂತು, ಒಳ್ಳೆಯದಾಯ್ತಪ್ಪ ಎಂದಳು. ಹೆಂಡತಿ ಲೋಟ ತೊಳೆದು, ಆ ನಲ್ಲಿಗೆ ಹಿಡಿದು, ತುಂಬಿಸಿ, ಅವನ ಕಣ್ಣೆದುರೇ ನಿಂತು ಪೂರ್ತಿ ಕುಡಿದಳು. "ಮೊದಲಿಗಿಂತ ಜೋರಾಗೇ ಬರ್ತಿದೆ" ಎಂದಳು. ನಿಂತು ನೀರು ಕುಡಿಯಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು. ಅವನಿಗೆ ಆ ದಿನ ಪೂರ್ತಿ ಎದೆ ಅರ್ಧ ಇಂಚು ಅಗಲವಾಗಿತ್ತು. ಸೋಮವಾರ ಸಂಜೆಯೂ, ನಿನ್ನೆ ಸಂಜೆಯೂ ಅವನು ಕೆಲಸದಿಂದ ಬಂದು ಕೂತಾಗ ಅವಳು ಅದೇ ನಲ್ಲಿಯಿಂದ ಇಬ್ಬರಿಗೂ ನೀರು ತಂದಳು. ನಿನ್ನೆ ತನ್ನ ಲೋಟದಿಂದ ಬೆರಳ ತುದಿಯಲ್ಲಿ ಏನನ್ನೋ ತೆಗೆದು ಬಟ್ಟೆಗೆ ಒರೆಸಿಕೊಂಡಳು. ಕೂದಲೆಂದುಕೊಂಡಿದ್ದ. ಕೂದಲು ಹಾಗೆ ಪಾರದರ್ಶಕವಾಗಿ ಹೊಳೆಯುವುದಿಲ್ಲ ಎಂದು ಈಗ ಹೊಳೆಯಿತು.

ಆದರೆ ಅವಳ ಲೋಟವನ್ನು ಅವನ ಮನಸ್ಸು ಆ ಹೊತ್ತಿಗೆ ಹಿಡಿದು ನಿಲ್ಲಲಿಲ್ಲ. ತಾನು ಕುಡಿದದ್ದಂತೂ ಲೆಕ್ಕಕ್ಕೇ ಬರಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಗುಬ್ಬಿಯ ಹಾಲಿನ ಬಾಟಲಿ. ಮಗಳಿಗೆ ಹಾಲು ಸಾಲದು, ಡಬ್ಬಿಯ ಪುಡಿಯನ್ನು ನೀರಿನಲ್ಲಿ ಕಲಸಿ ಕೊಡುತ್ತಾರೆ. ದಿನಕ್ಕೆ ಐದು ಸಲ, ಆರು ಸಲ. ಭಾನುವಾರದಿಂದ ಬುಧವಾರಕ್ಕೆ ಎಷ್ಟಾಯಿತು ಎಂದು ಎಣಿಸಲು ಹೋಗಿ ನಿಲ್ಲಿಸಿದ. ಇಂದು ಬೆಳಿಗ್ಗೆ ಅವನು ಚಪ್ಪಲಿ ಹಾಕುವಾಗ ಒಳಗಿನಿಂದ ಮಗಳ ದನಿ ಕೇಳಿಸಿತ್ತು, ಅಯ್ಯೋ ಎಲ್ಲ ಕಕ್ಕಿಬಿಟ್ಳಲ್ಲೇ ಎಂದು. ಬಸ್ಸಿಗೆ ತಡವಾಗುತ್ತದೆಂದು ಅವನು ತಿರುಗಿ ನೋಡಿರಲಿಲ್ಲ.

ಹೊರಗೆ ಕಾಗದದ ದೊಡ್ಡ ಸುರುಳಿಗಳ ಸಂದಿಯಲ್ಲಿ ನಿಂತು ಮನೆಗೆ ಫೋನು ಮಾಡಿದ. ಒಳಗೆ ಯಂತ್ರಗಳು ಒಂದೇ ಸಮ ಬಡಿಯುತ್ತಿದ್ದವು. ಹೆಂಡತಿ ಎತ್ತಿದಳು. ಅವನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ, ಆ ನೀರು ಮುಟ್ಟಬೇಡಿ ಎಂದು. ಅದು ನಾಲಿಗೆಯ ತುದಿಯವರೆಗೂ ಬಂದಿತ್ತು. "ಗುಬ್ಬಿ ಹೇಗಿದಾಳೆ?" ಎಂದ.

"ಇದೇನು ಇಷ್ಟು ಹೊತ್ತಲ್ಲಿ? ಬೆಳಿಗ್ಗೆ ಹಾಲು ಕಕ್ಕಿದ್ಲು, ಈಗ ಮಲಗಿದಾಳೆ."

"ಯಾಕೆ ಕಕ್ಕಿದ್ಲು?"

"ಕೂಸು ಕಕ್ಕದೆ ಇನ್ನೇನು, ಪತ್ರ ಬರೆಯುತ್ತಾ? ನಿಮಗೆ ಹುಷಾರಿದೆಯಾ?"

"ನೀರು..." ಎಂದ.

"ಚೆನ್ನಾಗಿ ಬರ್ತಿದೆ ರೀ. ಒಂದು ಹನೀನೂ ಸೋರ್ತಿಲ್ಲ. ನನ್ನ ತಮ್ಮ ಬಂದು ಮಾಡಿದ್ರೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

ಆ ಮಾತಿಗಾಗಿ ಅವನು ಒಂದು ವರ್ಷದಿಂದ ಕಾದಿದ್ದ. ಬಂದದ್ದು ಈಗ. "ಕುದಿಸಿ ಕುಡೀರಿ" ಎಂದು ಮಾತ್ರ ಹೇಳಿ ಫೋನು ಇಟ್ಟ, ಇಟ್ಟ ಮೇಲೆ ನೆನಪಾಯಿತು, ಕುದಿಸಿದರೆ ಕ್ರಿಮಿ ಸಾಯುತ್ತದೆ, ವಿಷ ಸಾಯುವುದಿಲ್ಲ. ಮತ್ತೆ ಮಾಡಬೇಕೆಂದು ಗುಂಡಿ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಮತ್ತೆ ಮಾಡಿದರೆ ಕಾರಣ ಕೇಳುತ್ತಾಳೆ. ಛೆ, ನಾನೆಂಥ ಮನುಷ್ಯ ಎಂದುಕೊಂಡ. ಅಂದುಕೊಂಡರೂ ಬೆರಳು ಒತ್ತಲಿಲ್ಲ. ತಾನೇ ಹೋಗಿ, ಯಾರಿಗೂ ತಿಳಿಯದಂತೆ ಬಿಚ್ಚಿ ಸರಿಮಾಡಿಬಿಟ್ಟರೆ, ಎಂದು ಇನ್ನೊಂದು ದಾರಿ ಕಂಡಿತು. ಆ ದಾರಿಯಲ್ಲಿ ಮಗುವಿಗೆ ಇನ್ನೂ ಒಂದು ಬಾಟಲಿಯ ಅಪಾಯವಿತ್ತು, ಅವನ ಮರ್ಯಾದೆಗೆ ಇರಲಿಲ್ಲ. ಅದನ್ನೇ ಹಿಡಿದ.

ಒಳಗೆ ಬಂದ ಅವನ ಮುಖವನ್ನು ಓದುವಾಕೆ ನೋಡಿದಳು. "ಹೋಗಬೇಕಾ?" ಎಂದಳು. ಹೂಂ ಎಂದ. "ಹೋಗಿ. ನಿಮಗೆ ಹೊಟ್ಟೆನೋವು ಅಂತ ನಾನು ಮೇನೇಜರಿಗೆ ಹೇಳ್ತೀನಿ. ಇದನ್ನ ನಾನೊಬ್ಬಳೇ ಮುಗಿಸ್ತೀನಿ." ಅವನಿಗಾಗಿ ಅವಳು ಸುಳ್ಳು ಹೇಳುವುದು ಇದು ಎರಡನೆಯ ಸಲ. ಹದಿನಾಲ್ಕು ವರ್ಷದ ಹಿಂದೆ ಮಕ್ಕಳ ಸಿರಪ್ಪಿನ ಚೀಟಿಯಲ್ಲಿ ಅರ್ಧ ಚಮಚ ಎಂಬುದರ ಅರ್ಧ ಬಿಟ್ಟುಹೋಗಿ ಹತ್ತು ಸಾವಿರ ಪ್ರತಿ ಅಚ್ಚಾಗಿತ್ತು. ಗೋದಾಮಿನಿಂದ ಹೊರಗೆ ಹೋಗುವ ಮೊದಲು ಯಾರದೋ ಕಣ್ಣಿಗೆ ಬಿತ್ತು, ಯಾವ ಮಗುವಿಗೂ ಏನೂ ಆಗಲಿಲ್ಲ. ಮೇನೇಜರರ ಮುಂದೆ ಇಬ್ಬರೂ ನಿಂತಿದ್ದರು. ಅವಳು ಅರ್ಧ ಎಂದು ಓದಿದ್ದಳು. ಅವನಿಗೆ ಕೇಳಿಸಿತ್ತು. ಆ ಕ್ಷಣ ಅವನು ಕಿಟಕಿಯಾಚೆ ಲಾರಿಯೊಂದು ಹಿಂದಕ್ಕೆ ಬರುವುದನ್ನು ನೋಡುತ್ತಿದ್ದ. "ಓದುವಾಗ ನಾನೇ ಹಾರಿಸಿರಬೇಕು" ಎಂದಳು ಅವಳು, ಚುಕ್ಕೆ ಅಲ್ಪವಿರಾಮ ಹೇಳುವ ಅದೇ ದನಿಯಲ್ಲಿ. ಅವನು ಸುಮ್ಮನೆ ನಿಂತಿದ್ದ. ಆಗ ತನ್ನೊಳಗೆ ಬೆಚ್ಚಗೆ ಏರಿಬಂದ ಸಮಾಧಾನ ಅವನಿಗೆ ಇಂದಿಗೂ ನೆನಪಿದೆ, ಅದೇ ಅವನಿಗೆ ಹೆಚ್ಚು ನಾಚಿಕೆಯ ವಿಷಯ. ಅವಳನ್ನು ಒಂದು ವರ್ಷ ಕಟ್ಟು ಕಟ್ಟುವ ವಿಭಾಗಕ್ಕೆ ಹಾಕಿದರು, ದಿನವಿಡೀ ನಿಂತು ಮಾಡುವ ಕೆಲಸ. ಅವಳ ಕಾಲಿನ ನರ ಉಬ್ಬಿದ್ದು ಆಗಲೇ. ವಾಪಸು ಬಂದ ದಿನ ಅವನ ಎದುರು ಕೂತು, ಒಂದು ಲವಂಗ ಬಾಯಿಗೆ ಹಾಕಿಕೊಂಡು, ಶುರುಮಾಡೋಣ್ವಾ ಎಂದಳು. ಅಷ್ಟೇ. ಅವನು ಈಗಲೂ ಹೋಗ್ತೀನಿ ಎಂದನೇ ಹೊರತು ಇನ್ನೇನೂ ಹೇಳಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಮುಂದಿನ ಸೀಟಿನಲ್ಲಿ ಒಂದು ಹೆಂಗಸು ಮಗುವಿನ ಬಾಯಿಗೆ ನೀರಿನ ಬಾಟಲಿ ಹಿಡಿದಿದ್ದಳು, ಮಗು ಕುಡಿದು, ಗಲ್ಲಕ್ಕೆಲ್ಲ ಸುರಿಸಿಕೊಂಡು, ಅವನನ್ನು ನೋಡಿ ನಕ್ಕಿತು. ಅವನು ಕಿಟಕಿಯ ಕಡೆ ತಿರುಗಿದ. ಬೀದಿಯ ಉದ್ದಕ್ಕೂ ನೀರೇ ಕಾಣತೊಡಗಿತು. ಹೋಟೆಲಿನ ಮುಂದೆ ಲೋಟ ತೊಳೆಯುವವನು, ಕಟ್ಟಡದ ಮೇಲಿನ ತೊಟ್ಟಿಗಳು, ಗೋಡೆಯ ಮೇಲೆ ಹಬ್ಬಿದ ಕೊಳವೆಗಳು, ಕೊಳವೆಗಳ ಪ್ರತಿಯೊಂದು ಗಂಟಿನಲ್ಲೂ ಯಾರೋ ಏನನ್ನೋ ಬಳಿದ ಗುರುತು. ಯಾರು ಬಳಿದರು, ಏನು ಓದಿಕೊಂಡು ಬಳಿದರು? ಹೊಟ್ಟೆಯೊಳಗೆ ಸಣ್ಣಗೆ ಹಿಂಡಿದಂತಾಯಿತು. ಹೊಟ್ಟೆನೋವು ಎಂದು ಓದುವಾಕೆ ಹೇಳಿದ ಸುಳ್ಳು ನಿಜವಾಗುತ್ತಿದೆಯೋ, ಅಥವಾ ಅದು ಆ ನೀರೇ ಇರಬಹುದೋ ಎಂದು ಕೈಯಿಟ್ಟು ಒತ್ತಿ ನೋಡಿಕೊಂಡ. ನೋವಿದ್ದರೆ ಒಳ್ಳೆಯದು ಎನಿಸಿತು. ದೊಡ್ಡವನಿಗೆ ಇಷ್ಟೇ ನೋವಾದರೆ ಮಗುವಿಗೆ ಎಷ್ಟಾಗಬಹುದು ಎಂದು ಮರುಕ್ಷಣವೇ ಎನಿಸಿ, ಇಳಿಯಬೇಕಾದ ನಿಲ್ದಾಣಕ್ಕಿಂತ ಒಂದು ಮೊದಲೇ ಇಳಿದು ಆ ಅಂಗಡಿಯ ಕಡೆ ನಡೆದ.

ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬನೇ ಕೂತಿದ್ದ. ಇವನು ಬಿಳಿ ಟೇಪಿನ ಎರಡು ಸುರುಳಿ ತೆಗೆದುಕೊಂಡು, ಸಾಧ್ಯವಾದಷ್ಟು ಸಾಧಾರಣ ದನಿಯಲ್ಲಿ, ಆ ಟ್ಯೂಬನ್ನು ಯಾರಾದರೂ ಕುಡಿಯುವ ನೀರಿನ ನಲ್ಲಿಗೆ ಹಚ್ಚಿದರೆ ಏನಾಗುತ್ತದೆ ಎಂದು ಕೇಳಿದ.

"ಅದಕ್ಕೆ ಯಾರಾದ್ರೂ ಅದನ್ನ ಹಾಕ್ತಾರಾ ಸ್ವಾಮಿ? ಅದು ಬಾತ್‌ರೂಮಿನ ಟೈಲ್ಸ್ ಸಂದಿಗೆ, ಸಿಂಕಿನ ಅಂಚಿಗೆ. ಬೂಷ್ಟು ಬರದೇ ಇರ್ಲಿ ಅಂತ ಮದ್ದು ಸೇರಿಸಿರ್ತಾರೆ. ಯಾರು ಹಾಕಿದ್ದು?"

"ನನ್ನ ಬಾಮೈದ" ಎಂದ. ಹೇಳುವ ಮೊದಲು ಯೋಚನೆಯೇ ಮಾಡಿರಲಿಲ್ಲ, ಬಾಯಿ ತಾನಾಗಿ ದಾರಿ ಹುಡುಕಿಕೊಂಡಿತ್ತು.

"ಓದಕ್ಕೆ ಬರಲ್ವಾ ಅವರಿಗೆ? ಬೆನ್ನ ಮೇಲೇ ಬರೆದಿದೆಯಲ್ಲ." ಅಂಗಡಿಯವನು ಕಪಾಟಿನಿಂದ ಒಂದು ಟ್ಯೂಬು ತೆಗೆದು, ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು ತಡವರಿಸಿದ. "ಹಾಳಾದ್ದು, ಇಷ್ಟು ಸಣ್ಣಗೆ ಯಾವನು ಬರೀತಾನೋ."

"ಏನಾಗುತ್ತೆ ಕುಡಿದ್ರೆ?"

"ಆಗುತ್ತೆ ಅಂತಾನೂ ಹೇಳಲ್ಲ, ಆಗಲ್ಲ ಅಂತಾನೂ ಹೇಳಲ್ಲ. ನಾನೇನು ಡಾಕ್ಟರಾ? ಬಿಚ್ಚಿಸಿ, ಪೂರ್ತಿ ಕೆರೆದು ತೆಗೆಸಿ, ಈ ಟೇಪ್ ಸುತ್ತಿಸಿ. ನಲ್ಲಿ ಯಾವ ಕಡೆ ತಿರುಗಿಸಿ ಬಿಗಿ ಮಾಡ್ತಾರೋ ಆ ಕಡೆಗೇ ಸುತ್ತಬೇಕು, ಎಳೆದು ಸುತ್ತಬೇಕು. ಇದು ಮೂರು ಕಾಸಿನ ಸಾಮಾನು, ಸಾಕಿತ್ತು." ಹೊರಡುವಾಗ ಹಿಂದಿನಿಂದ ಕೂಗಿ ಹೇಳಿದ, "ನಿಮ್ಮ ಬಾಮೈದನಿಗೆ ಹೇಳಿ, ಕೈಯಲ್ಲಿ ಆಗದ್ದಕ್ಕೆ ಕೈ ಹಾಕಬಾರದು ಅಂತ." ಹೇಳ್ತೀನಿ ಎಂದ.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಸದ್ದಿರಲಿಲ್ಲ. ಸದ್ದಿಲ್ಲದ್ದು ಅವನ ಕಾಲನ್ನು ಹೊಸಿಲಲ್ಲೇ ಹಿಡಿಯಿತು. ಮಗು ಇರುವ ಮನೆಯಲ್ಲಿ ಅಳು ಕೇಳಬೇಕು, ಅಥವಾ ಅಳು ನಿಲ್ಲಿಸುವವರ ಮಾತು ಕೇಳಬೇಕು. ಚಪ್ಪಲಿ ಬಿಡದೆ ಅಡುಗೆಮನೆಗೆ ಹೋದ. ಮೇಜಿನ ಮೇಲೆ ಗುಬ್ಬಿಯ ಬಾಟಲಿ, ಅದರಲ್ಲಿ ಕುತ್ತಿಗೆಯವರೆಗೆ ನೀರು, ಪಕ್ಕದಲ್ಲಿ ಪುಡಿಯ ಡಬ್ಬಿ, ಚಮಚ. ಯಾರೋ ಈಗ ಬಂದು ಕಲಸುವವರಿದ್ದರು. ಅವನು ಬಾಟಲಿ ಎತ್ತಿ ಸಿಂಕಿಗೆ ಸುರಿದ. ಸುರಿದು, ನಲ್ಲಿಯನ್ನು ನೋಡಿದ. ಬುಡದಲ್ಲಿ ತಾನು ಬಳಿದದ್ದು ಒಣಗಿ, ಹೊರಗೆ ಉಕ್ಕಿದ ಅಂಚು ಅರೆಪಾರದರ್ಶಕವಾಗಿ ಹೊಳೆಯುತ್ತಿತ್ತು. ಒಂದು ಹನಿ ಸೋರುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವನ ಕೈಯಿಂದ ಕೆಡದೆ ನಿಂತ ಕೆಲಸ ಇದೊಂದೇ.

"ಅಪ್ಪ? ಅದನ್ನ ಯಾಕೆ ಚೆಲ್ಲಿದ್ರಿ?" ಮಗಳು ಬಾಗಿಲಲ್ಲಿದ್ದಳು, ಕೂದಲು ಕೆದರಿತ್ತು, ನಿದ್ದೆಯಿಂದ ಎದ್ದವಳು. ಹೆಗಲ ಮೇಲೆ ಗುಬ್ಬಿ ಅವಳ ಕಿವಿಯನ್ನು ಚೀಪುತ್ತಿತ್ತು. ಗುಬ್ಬಿಯ ಕೆನ್ನೆ ಕೆಂಪಗಿತ್ತು, ಕಣ್ಣು ಹೊಳೆಯುತ್ತಿತ್ತು. ಅವನು ಬಂದು ಅದರ ಪಾದ ಹಿಡಿದ. ಬೆಚ್ಚಗಿತ್ತು, ಒದೆಯಿತು.

"ಈ ನೀರು ಬೇಡ" ಎಂದ. "ಈ ನಲ್ಲಿಯ ನೀರು ಮಗುಗೆ ಬೇಡ. ಎಷ್ಟು ಕೊಟ್ಟಿದೀಯ? ಭಾನುವಾರದಿಂದ ಎಷ್ಟು ಕೊಟ್ಟೆ?"

ಮಗಳು ಅವನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಅವಳು ಚಿಕ್ಕಂದಿನಲ್ಲಿ ಪರೀಕ್ಷೆಯ ಅಂಕ ಹೇಳುವಾಗ ಹೀಗೇ ನೆಲ ನೋಡುತ್ತಿದ್ದಳು. "ಅದು ಆ ನಲ್ಲಿದಲ್ಲಪ್ಪ" ಎಂದಳು. "ಕ್ಯಾನ್ ನೀರು. ನನ್ನ ರೂಮಲ್ಲಿ ಮಂಚದ ಕೆಳಗಿದೆ. ಭಾನುವಾರ ಮಧ್ಯಾಹ್ನವೇ ಅಮ್ಮ ಕೆಳಗಿನ ಅಂಗಡಿಯಿಂದ ತರಿಸಿದ್ಲು. ಮಗುಗೆ ಇದೇ ಇರ್ಲಿ, ನಿನಗೂ ಇದೇ ಇರ್ಲಿ, ಅಪ್ಪನಿಗೆ ಹೇಳಬೇಡ ಅಂದ್ಲು. ಆ ದಿನ ಹುಳಿ ವಾಸನೆ ಬರ್ತಿತ್ತಲ್ಲ... ಬೇಜಾರು ಮಾಡ್ಕೋಬೇಡಿ."

ಅವನು ಕುರ್ಚಿಯಲ್ಲಿ ಕೂತ. ಮೊದಲು ಬಂದದ್ದು ಬದುಕಿದೆ ಎಂಬ ನಿಟ್ಟುಸಿರು, ಅದು ಎಷ್ಟು ಜೋರಾಗಿತ್ತೆಂದರೆ ಗುಬ್ಬಿ ಬೆಚ್ಚಿ ಅವನ ಕಡೆ ತಿರುಗಿತು. ಅದರ ಹಿಂದೆಯೇ ಇನ್ನೊಂದು ಬಂತು, ನಿಧಾನವಾಗಿ. ಮೂರು ದಿನ ಅವನು ಎದೆ ಅಗಲಿಸಿಕೊಂಡು ಓಡಾಡಿದ ಮನೆಯಲ್ಲಿ ಮಂಚದ ಕೆಳಗೊಂದು ಕ್ಯಾನು ಇತ್ತು. ಅದರ ಮೇಲೊಂದು ಬಟ್ಟೆ ಮುಚ್ಚಿರಬೇಕು. ಅವನು ಸಂಜೆ ಮನೆಗೆ ಬರುವ ಹೊತ್ತಿಗೆ ಅದನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತಿರಬೇಕು. ಅವರ ಅಪನಂಬಿಕೆಯೇ ಮಗುವನ್ನು ಉಳಿಸಿತ್ತು. ಇದಕ್ಕೆ ಕೃತಜ್ಞನಾಗಿರಬೇಕೋ, ಕುಗ್ಗಬೇಕೋ ತಿಳಿಯದೆ ಅವನು ಟೇಪಿನ ಸುರುಳಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಒಳ್ಳೆಯದಾಯ್ತು ಎಂದ. ಎರಡು ಸಲ ಅಂದ. ಆಮೇಲೆ ಅವನ ಕೈ ನಿಂತಿತು.

"ಅಮ್ಮ?" ಎಂದ. "ಅಮ್ಮ ಯಾವ ನೀರು ಕುಡೀತಾಳೆ?"

ಮಗಳು ಗುಬ್ಬಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಉತ್ತರ ಅವನಿಗೆ ಗೊತ್ತಿತ್ತು. ಭಾನುವಾರ ನಿಂತುಕೊಂಡು ಪೂರ್ತಿ ಕುಡಿದ ಲೋಟ. ಸೋಮವಾರದ ಲೋಟ. ನಿನ್ನೆ ಬೆರಳ ತುದಿಯಿಂದ ಏನನ್ನೋ ತೆಗೆದು, ಒರೆಸಿಕೊಂಡು, ಮತ್ತೆ ತುಟಿಗಿಟ್ಟ ಲೋಟ. ಹುಳಿ ವಾಸನೆ ಅವಳಿಗೂ ಬಂದಿತ್ತು, ಮಗಳನ್ನೂ ಮೊಮ್ಮಗಳನ್ನೂ ಆ ನೀರಿನಿಂದ ದೂರ ಇಟ್ಟವಳು ಅವಳೇ. ಗೊತ್ತಿದ್ದೇ ಕುಡಿದಿದ್ದಳು.

ಹೆಂಡತಿ ಮಹಡಿಯಿಂದ ಒಣಗಿದ ಬಟ್ಟೆಯ ರಾಶಿ ಎದೆಗವಚಿಕೊಂಡು ಇಳಿದು ಬಂದಳು, ಈ ಹೊತ್ತಿನಲ್ಲಿ ಅವನನ್ನು ಕಂಡು ರಾಶಿಯ ಮೇಲಿನಿಂದ ಕಣ್ಣು ಮಾತ್ರ ಕಾಣಿಸುತ್ತ ನಿಂತಳು. ಮಗಳು ಮಗುವನ್ನೆತ್ತಿಕೊಂಡು ಸದ್ದಿಲ್ಲದೆ ರೂಮಿಗೆ ಹೋದಳು. ಅವನು ಎದ್ದು, ಸಿಂಕಿನ ಕೆಳಗಿನ ಬಾಗಿಲು ತೆಗೆದು, ಅರ್ಧ ಉಳಿದ ಟ್ಯೂಬನ್ನು ಹೊರತೆಗೆದ. ಏನು ಹೇಳಬೇಕೆಂದು ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಸುಳ್ಳುಗಳಲ್ಲಿ ಒಂದೂ ನೆನಪಾಗಲಿಲ್ಲ. ಕೂತ್ಕೋ, ಓದ್ತೀನಿ ಎಂದ. ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಪದದಿಂದ ಶುರುಮಾಡಿದ. ಹೆಸರು, ತೂಕ, ಬಳಸುವ ವಿಧಾನ. "ಹೊಸ ಸಾಲು" ಎಂದ. ಅವನ ದನಿ ಓದುವಾಕೆಯ ದನಿಯ ಹಾಗೇ ಏರಿಳಿತವಿಲ್ಲದೆ ಹೊರಟು, ಎಚ್ಚರಿಕೆಯ ಸಾಲಿಗೆ ಬಂದಾಗ ಒಡೆಯಿತು. "ಎಚ್ಚರಿಕೆ ಚುಕ್ಕೆ. ಕುಡಿಯುವ ನೀರು ಹರಿಯುವ ಕೊಳವೆ ಅಲ್ಪವಿರಾಮ ನಲ್ಲಿ ಅಲ್ಪವಿರಾಮ ತೊಟ್ಟಿಗಳಿಗೆ ಬಳಸಬಾರದು ಚುಕ್ಕೆ." ಉಳಿದ ಸಾಲನ್ನೂ ಓದಿದ, ವಿಷವಸ್ತು ಎಂಬಲ್ಲಿಯವರೆಗೆ.

ಅವಳು ಬಟ್ಟೆಯ ರಾಶಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. "ಅಷ್ಟೆಲ್ಲ ಇದೆ ಅಂತ ನನಗೆ ಗೊತ್ತಿರಲಿಲ್ಲ" ಎಂದಳು. "ಏನೋ ಸರಿ ಇಲ್ಲ ಅಂತ ಮಾತ್ರ ಅನ್ನಿಸಿತ್ತು."

"ಅನ್ನಿಸಿದ ಮೇಲೂ ಯಾಕೆ ಕುಡಿದೆ?"

"ಶೆಲ್ಫ್ ಬಿದ್ದಾಗ ಎರಡು ದಿನ ಊಟ ಬಿಟ್ಟಿದ್ರಿ." ಅವಳು ಒಂದು ಪುಟ್ಟ ಅಂಗಿ ತೆಗೆದು ಮಡಿಸತೊಡಗಿದಳು. "ಈ ಸಲ ಅಷ್ಟು ಕಷ್ಟಪಟ್ಟು ಮಾಡಿದ್ರಿ. ಮನೇಲಿ ಒಬ್ಬರಾದ್ರೂ ಕುಡೀಬೇಕಲ್ಲ. ನೀವು ಕುಡಿಯೋವಾಗ ನಾನು ಬೇರೆ ನೀರು ಹೇಗೆ ಕುಡೀಲಿ?"

"ನನಗೂ ಬೇಡ ಅನ್ನಬೇಕಿತ್ತು."

"ನಿಮಗೆ ಹೇಗೆ ಅನ್ನೋದು?" ಎಂದಳು. ಆಮೇಲೆ, ಅವನ ಕಡೆ ನೋಡದೆ, "ರಾತ್ರಿಯಿಂದ ಹೊಟ್ಟೆ ಸ್ವಲ್ಪ ಹಿಂಡಿದಂಗೆ ಆಗ್ತಿದೆ. ಬೇರೆ ಏನೋ ಇರಬಹುದು" ಎಂದಳು.

ಮಗು ಬದುಕಿತೆಂದು ಬಿಟ್ಟ ಉಸಿರು ಎದೆಗೆ ವಾಪಸು ಬಂದು ಕಲ್ಲಾಗಿ ಕೂತಿತು. ಏಳು, ಡಾಕ್ಟರ ಹತ್ತಿರ ಹೋಗೋಣ ಎಂದ. ಬಾಗಿ ಸಿಂಕಿನ ಕೆಳಗಿನ ವಾಲ್ವನ್ನು ಪೂರ್ತಿ ಮುಚ್ಚಿದ, ಟ್ಯೂಬನ್ನು ಜೇಬಿಗೆ ಹಾಕಿಕೊಂಡ. ಬೀದಿಯ ಕೊನೆಯ ದವಾಖಾನೆಗೆ ಹತ್ತು ನಿಮಿಷದ ದಾರಿ. ಅವಳು ಎಂದಿನ ಹಾಗೆ ಅರ್ಧ ಹೆಜ್ಜೆ ಹಿಂದೆ ನಡೆದಳು, ಅವನು ನಿಂತು ನಿಂತು ಅವಳ ಬಣ್ಣ ನೋಡಿದ. ಬಾಗಿಲ ಹತ್ತಿರ ಬಂದಾಗ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. "ನೋಡಿ, ಡಾಕ್ಟರು ಬೈತಾರೆ. ನಾನೇ ಹಚ್ಚಿದ್ದು ಅಂತ ಹೇಳ್ತೀನಿ. ಅಡುಗೆಮನೆ ನನ್ನದು, ನಂಬ್ತಾರೆ. ನೀವು ಏನೂ ಮಾತಾಡಬೇಡಿ."

ಆಗ ಅದು ಬಂತು. ಹದಿನಾಲ್ಕು ವರ್ಷದ ಹಿಂದೆ ಮೇನೇಜರರ ಮೇಜಿನ ಮುಂದೆ ಬಂದದ್ದೇ, ಅದೇ ಬೆಚ್ಚಗಿನ ಸಮಾಧಾನ, ಹೊಟ್ಟೆಯಿಂದ ಮೇಲಕ್ಕೆ, ಹಳೆಯ ನೆಂಟನ ಹಾಗೆ ಹೇಳದೆ ಕೇಳದೆ. ಅವನು ಇಡೀ ದಿನದಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಹೆದರಿದ್ದು ಆಗ. ಅವಳ ಕೈ ಹಿಡಿದುಕೊಂಡೇ ಒಳಗೆ ಹೋದ.

ಡಾಕ್ಟರು ವಯಸ್ಸಾದ ಹೆಂಗಸು. ಹೆಂಡತಿಯ ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಎಲ್ಲೆಲ್ಲಿ ನೋವು ಎಂದು ಕೇಳಿದರು. ರಕ್ತ ಕೊಟ್ಟು ಹೋಗಿ, ನಾಳೆ ಗೊತ್ತಾಗುತ್ತೆ, ಈಗಲೇ ಏನೂ ಹೇಳಕ್ಕಾಗಲ್ಲ ಎಂದರು. ನಲ್ಲಿಯ ವಿಷಯ ಕೇಳಿಕೊಂಡು, ಟ್ಯೂಬನ್ನು ಕೈಗೆ ತೆಗೆದುಕೊಂಡು ದೀಪದ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ, ಓದಲಾಗದೆ ಮೇಜಿನ ಮೇಲಿಟ್ಟರು.

"ಇದನ್ನ ಕುಡಿಯೋ ನೀರಿನ ನಲ್ಲಿಗೆ ಹಚ್ಚಿದ್ದು ಯಾರು?" ಎಂದು ಕೇಳಿದರು.

ಹೆಂಡತಿ ಬಾಯಿ ತೆರೆದಳು.

"ನಾನು" ಎಂದ ಅವನು. ದನಿ ತನ್ನದಲ್ಲವೆಂಬಂತೆ ಜೋರಾಗಿ ಬಂತು, ಹೊರಗಿನ ಬೆಂಚಿನಲ್ಲಿ ಕೂತವರೂ ತಿರುಗಿ ನೋಡಿದರು. "ಹಚ್ಚಿದ್ದೂ ನಾನು, ಹಚ್ಚೋ ಮೊದಲು ಎರಡು ಸಲ ಓದಿದ್ದೂ ನಾನು."

ಡಾಕ್ಟರು ಹಾಳೆಯ ಮೇಲೆ ಅದನ್ನು ಬರೆದುಕೊಂಡರು.